ಹಳದಿ ಚಂದ ಬಂದಿದೆಯಂತೆ

ಕೊಪ್ಪದ ಕಡೆಯ ಅಡಿಕೆ ತೋಟವೊಂದರ ಮೇಲೆ ಡ್ರೋನ್ ಹಾರಿಸಿ ತೆಗೆದ ಚಿತ್ರ ಈ ವಾರ ನಮ್ಮ ನೆಂಟರ ವಾಟ್ಸ್‌ಆ್ಯಪ್ ಗುಂಪಿಗೆ ಬಂತು. ದಟ್ಟ ಹಸಿರಿನ ನಡುವೆ ಅಲ್ಲಲ್ಲಿ ಬಂಗಾರದ ಹಳದಿ. ಜೊತೆಗೆ ಕೊಳಲಿನ ನಾದ, ‘ನಮ್ಮ ಮಲೆನಾಡೇ ಸ್ವರ್ಗ’ ಎಂಬ ಒಕ್ಕಣೆ ಬೇರೆ. ಒಬ್ಬರಾದ ಮೇಲೊಬ್ಬರು ಹೃದಯ ಒತ್ತಿದರು. ಬೆಂಗಳೂರಿನಲ್ಲಿರುವವರೊಬ್ಬರು, ಥೇಟ್ ಯುರೋಪಿನ ಹಾಗಿದೆ ಎಂದರು. ಚಿತ್ರ ತೆಗೆದ ಹುಡುಗ ಫೋನೂ ಮಾಡಿದ. “ಹಳದಿ ಎಷ್ಟು ಚಂದ ಬಂದಿದೆ ನೋಡಿದ್ರಾ ಚಿಕ್ಕಪ್ಪಾ? ಎಡಿಟ್ ಮಾಡಿದ್ದಲ್ಲ, ಇದ್ದದ್ದೇ ಹಂಗೆ.”

ಇದ್ದದ್ದೇ ಹಾಗೆ, ಸಂಕಟವೂ ಅದೇ. ಅದು ಹಳದಿ ಎಲೆ ರೋಗ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ತೋಟಗಳನ್ನು ದಶಕಗಳಿಂದ ತಿನ್ನುತ್ತಿರುವ ರೋಗ. ಗರಿಯ ತುದಿಯಲ್ಲಿ ಶುರುವಾದ ಹಳದಿ ಇಡೀ ತಲೆಗೆ ಏರುತ್ತದೆ, ಮರ ಬಡವಾಗುತ್ತದೆ, ಅಡಿಕೆಯ ತಿರುಳು ಮೆತ್ತಗಾಗಿ ಕಪ್ಪಿಡುತ್ತದೆ. ಬೋರ್ಡೋ ದ್ರಾವಣ ಹೊಡೆದು ತಡೆಯಲು ಇದು ಕೊಳೆರೋಗವಲ್ಲ. ಇದಕ್ಕೆ ಕಾರಣ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಾಣು; ರಸ ಹೀರುವ ಜಿಗಿಹುಳು ಅದನ್ನು ಮರದಿಂದ ಮರಕ್ಕೆ ಸಾಗಿಸುತ್ತದೆ. ವಾಸಿಮಾಡುವ ಔಷಧ ಇನ್ನೂ ಇಲ್ಲ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ಕನ್ನಡಿ ಹಿಡಿದ ಮೇಲೂ ಹುಣ್ಣನ್ನು ಮದರಂಗಿ ಎಂದುಕೊಂಡರೆ ಏನು ಮಾಡುವುದು?

ಹುಡುಗನನ್ನು ಬೈದು ಪ್ರಯೋಜನವಿಲ್ಲ (ಬೈದೆ, ಆ ಮಾತು ಬೇರೆ). ಅವನ ಅಜ್ಜ ಅದೇ ತೋಟದಲ್ಲಿ ಬಸಿಗಾಲುವೆ ದಾಟುತ್ತ ಹೋದವರು. ಮೇಲೆ ನೋಡಿದರೆ ಯಾವ ಮರದ ಗೊನೆ ಹಗುರಾಗಿದೆಯೆಂದು ಹೇಳುತ್ತಿದ್ದರು. ಮೊಮ್ಮಗ ಅಜ್ಜ ಎಂದೂ ಏರದ ಎತ್ತರದಿಂದ ನೋಡಿದ. ಕಂಡದ್ದು ಬಣ್ಣ ಮಾತ್ರ. ಹೊಸ ಕೋನ, ಹೊಸ ನೋಟ ಎಂದು ಫೋಟೊ ಕಲಿಸುವವರೆಲ್ಲ ಹೇಳುತ್ತಾರಲ್ಲ, ಕೋನ ಬದಲಾದ ಮಾತ್ರಕ್ಕೆ ಕಣ್ಣು ಬದಲಾಗುವುದಿಲ್ಲ. ನರಸಿಂಹರಾಜಪುರದಲ್ಲಿ ಭದ್ರಾ ಹಿನ್ನೀರಿನ ಸೂರ್ಯಾಸ್ತವನ್ನು ತೆಗೆಯದ ಫೋನಿಲ್ಲ. ಲಕ್ಕವಳ್ಳಿಯ ಅಣೆಕಟ್ಟಿನಿಂದಾಗಿ ಅದೇ ನೀರಿನಡಿ ಮುಳುಗಿಹೋದ ಗದ್ದೆ, ಮನೆಗಳ ನೆನಪು ಮಾತ್ರ ಯಾವ ಒಕ್ಕಣೆಯಲ್ಲೂ ಇಲ್ಲ.

ಲೇಖಕ ಪೂರ್ಣಚಂದ್ರ ತೇಜಸ್ವಿಯವರೂ ಇದೇ ಚಿಕ್ಕಮಗಳೂರು ಜಿಲ್ಲೆಯಲ್ಲಿ ಕ್ಯಾಮೆರಾ ಹಿಡಿದು ಕೂತವರು. ಮೂಡಿಗೆರೆಯ ತೋಟದ ಆಸುಪಾಸಿನ ಹಕ್ಕಿಗಳ ಹಿಂದೆ ಬಿದ್ದರು. ಪುಕ್ಕದ ಬಣ್ಣ ಚೆನ್ನಾಗಿದೆ ಎಂದಷ್ಟಕ್ಕೇ ನಿಲ್ಲದೆ, ಹಕ್ಕಿ ಏನು ತಿನ್ನುತ್ತದೆ, ಗೂಡು ಎಲ್ಲಿ ಎಂದು ಕೇಳುತ್ತ ಹೋದರು. ಹೀಗೆ ಮತ್ತೆ ಮತ್ತೆ ನೋಡುವುದು ಇಲ್ಲಿಗೆ ಹೊಸದೂ ಅಲ್ಲ. ಶೃಂಗೇರಿಯ ವಿದ್ಯಾಶಂಕರ ದೇವಾಲಯದಲ್ಲಿ ಹನ್ನೆರಡು ರಾಶಿಕಂಬಗಳಿವೆ. ಸೂರ್ಯ ಆಯಾ ರಾಶಿಗೆ ಬಂದಾಗ ಬೆಳಗಿನ ಬಿಸಿಲು ಆಯಾ ಕಂಬಕ್ಕೆ ಬೀಳುತ್ತದೆ ಎಂಬುದು ಪ್ರತೀತಿ. ಒಂದೇ ಮಂಟಪವನ್ನು ವರ್ಷಕ್ಕೆ ಹನ್ನೆರಡು ಸಲ ನೋಡಬೇಕೆಂಬ ಏರ್ಪಾಡು 14ನೇ ಶತಮಾನದವರಿಗೇ ಹೊಳೆದಿತ್ತು. ನಾವು ಅದೇ ಗುಡಿಗೆ ಬೆನ್ನು ಹಾಕಿ ಸೆಲ್ಫಿ ತೆಗೆದು, ಮೀನಿಗೆ ಮಂಡಕ್ಕಿ ಎಸೆದು, ಬಸ್ಸು ಹತ್ತುತ್ತೇವೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಡ್ರೋನ್ ಇಟ್ಟುಕೊಂಡಿರುವ ಹುಡುಗರಲ್ಲಿ ಒಂದು ಕೇಳಿಕೆ. ಮದುವೆ, ಜಲಪಾತ ಎಲ್ಲ ಮುಗಿದ ಮೇಲೆ ತಿಂಗಳಿಗೊಮ್ಮೆ, ಸಂಕ್ರಮಣದ ದಿನವೇ ಆಗಲಿ, ನಿಮ್ಮ ತೋಟದ ಮೇಲೆ ಅದೇ ಜಾಗದಲ್ಲಿ, ಅದೇ ಎತ್ತರದಲ್ಲಿ ಒಂದು ಚಿತ್ರ ತೆಗೆದಿಡಿ. ಹಳದಿ ಯಾವ ಮೂಲೆಯಿಂದ ಯಾವ ಕಡೆಗೆ ನಡೆಯುತ್ತಿದೆ ಎಂದು ವರ್ಷದೊಳಗೆ ಕಾಣುತ್ತದೆ. ಅದನ್ನು ತೋಟಗಾರಿಕೆ ಇಲಾಖೆಯವರಿಗೂ ಪಕ್ಕದ ತೋಟದವರಿಗೂ ಕಳಿಸಿ. ಕೊಳಲು ಹಾಕಬೇಡಿ.