ಗುಲಗಂಜಿಗೂ ಸಿಗದ ತೂಕ

ಚಿನ್ನ ಕೊಳ್ಳುವಾಗ ನಾವ್ಯಾರೂ ತೂಕದಲ್ಲಿ ರಾಜಿಯಾಗುವುದಿಲ್ಲ. ಹಿಂದೆ ಅಕ್ಕಸಾಲಿಗರ ತಕ್ಕಡಿಯಲ್ಲಿ ಗುಲಗಂಜಿ ಇರುತ್ತಿತ್ತು. ಈಗ ಮುಂಬೈಯ ಝವೇರಿ ಬಜಾರಿರಲಿ, ಚೆನ್ನೈನ ಟಿ. ನಗರವಿರಲಿ, ಮಿಲಿಗ್ರಾಂ ತೋರಿಸುವ ಯಂತ್ರ. ಆದರೆ ಬರೀ 25 ಪರಮಾಣುಗಳಷ್ಟು ಚಿನ್ನವನ್ನು ತೂಗುವುದು ಹೇಗೆ? ಈ ಸಲ ನಾನು ಹೇಳಹೊರಟಿರುವುದು ಆ ತಕ್ಕಡಿಯ ಕಥೆ.

ಅದರ ಹೆಸರು ಮಾಸ್ ಸ್ಪೆಕ್ಟ್ರೋಮೀಟರ್. ಕಣಗಳಿಗೆ ವಿದ್ಯುದಾವೇಶ ಕೊಟ್ಟು ನಿರ್ವಾತದಲ್ಲಿ ಓಡಿಸುತ್ತಾರೆ. ಆವೇಶ ಒಂದೇ ಆಗಿದ್ದರೆ ಹಗುರಾದದ್ದು ಬೇಗ ಗುರಿ ಮುಟ್ಟುತ್ತದೆ, ಭಾರದ್ದು ತಡವಾಗಿ. ಓಟದ ಸಮಯ ನೋಡಿ ತೂಕ ಲೆಕ್ಕ ಹಾಕುವುದು ಇದರ ಒಂದು ಬಗೆ.

1998ರಲ್ಲಿ ಅಮೆರಿಕದ ವೆಟ್ಟನ್ ತಂಡ ಗ್ಲುಟಾಥಯೋನ್ ಹೊದಿಕೆಯ ಪುಟ್ಟ ಚಿನ್ನದ ಕಣವೊಂದನ್ನು ಬೇರ್ಪಡಿಸಿತು. ತೂಕ ಸುಮಾರು 10,400 ಡಾಲ್ಟನ್. ಒಂದು ಹೈಡ್ರೋಜನ್ ಪರಮಾಣು ಸುಮಾರು 1 ಡಾಲ್ಟನ್ ತೂಗುತ್ತದೆ ಎಂದರೆ ಅಂದಾಜು ಸಿಕ್ಕೀತು. ಆ ಕಣದಲ್ಲಿ 28 ಚಿನ್ನದ ಪರಮಾಣು, 16 ಗ್ಲುಟಾಥಯೋನ್ ಇವೆ ಎಂದು ಲೆಕ್ಕವಾಯಿತು. 2005ರಲ್ಲಿ ಜಪಾನಿನ ನೆಗಿಶಿ, ತ್ಸುಕುಡ ಮತ್ತು ಸಂಗಡಿಗರು ಇನ್ನಷ್ಟು ನಿಖರವಾಗಿ ತೂಗಿದರು. ಇರುವುದು 25 ಚಿನ್ನ, 18 ಗ್ಲುಟಾಥಯೋನ್! ಮೂರು ಚಿನ್ನ ಹೋದರೆ 591 ಕಡಿಮೆ, ಎರಡು ಗ್ಲುಟಾಥಯೋನ್ ಬಂದರೆ 613 ಹೆಚ್ಚು. ವ್ಯತ್ಯಾಸ ಬರೀ 22. ಅಷ್ಟರಲ್ಲೇ ಏಳು ವರ್ಷ ಲೆಕ್ಕ ತಪ್ಪಿತ್ತು.

ಎಣಿಕೆ ಸರಿಯಾದ ಮೇಲೆ ಒಡೆಯುವ ಬಗೆಯೂ ತಿಳಿಯಿತು. ಬೇರೆ ಬೇರೆ ಗಾತ್ರದ ಕಣಗಳಿಗೆ ಇನ್ನಷ್ಟು ಗ್ಲುಟಾಥಯೋನ್ ಬೆರೆಸಿದಾಗ ದೊಡ್ಡವು ಸವೆದು 25ಕ್ಕೆ ಬಂದು ನಿಂತವು. 25ಕ್ಕಿಂತ ಚಿಕ್ಕವು ಕಣವಾಗಿ ಉಳಿಯದೆ ಒಡೆದುಹೋದವು.

ಇದು ನಮಗ್ಯಾಕೆ ಅನ್ನಬೇಡಿ. ಗ್ಲುಟಾಥಯೋನ್ ನಮ್ಮ ಜೀವಕೋಶಗಳಲ್ಲೇ ಧಾರಾಳವಾಗಿದೆ. ರೋಗ ಪತ್ತೆಗೆ, ಔಷಧ ಸಾಗಿಸಲಿಕ್ಕೆ ಚಿನ್ನದ ನ್ಯಾನೋಕಣ ಬಳಸುವ ಪ್ರಯತ್ನಗಳು ನಡೆದಿವೆ. ಮೈಯೊಳಗೆ ಹೋದದ್ದು ಹೋದ ಹಾಗೇ ಉಳಿಯುತ್ತದೆಯೇ, ಏನಾಗಿ ಬದಲಾಗುತ್ತದೆ ಎಂಬುದು ಮೊದಲೇ ತಿಳಿದಿರಬೇಕು.

ಇಂಥ ಕಣಗಳ ಅಧ್ಯಯನ ಚೆನ್ನೈನ ಐಐಟಿ ಮದ್ರಾಸಿನಲ್ಲೂ ನಡೆಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್.ಡಿ. ಮಾಡಿದ ಟಿ. ಪ್ರದೀಪ್ ಅವರ ತಂಡ 25 ಚಿನ್ನದ ಕಣವನ್ನು 25 ಬೆಳ್ಳಿಯ ಕಣದೊಂದಿಗೆ ಬೆರೆಸಿ ನೋಡಿತು. ಚಿನ್ನ, ಬೆಳ್ಳಿ ಪರಮಾಣುಗಳು ಅದಲುಬದಲಾದವು, ಒಟ್ಟು ಎಣಿಕೆ ಮಾತ್ರ 25 ಆಗಿಯೇ ಉಳಿಯಿತು. ಅದನ್ನು ಹಿಡಿದುಕೊಟ್ಟದ್ದೂ ಇದೇ ತಕ್ಕಡಿ.