ಸಡ್ಡೆಗೆ ಊದುಕೊಳವೆ ಅಂತ ಚೀಟಿ ಅಂಟಿಸಿದ ಮೇಲೆ

ಹೋದ ವರ್ಷ ನಮ್ಮ ತಾಲ್ಲೂಕಿನ ಒಂದು ಊರಲ್ಲಿ ಗ್ರಾಮೀಣ ವಸ್ತು ಸಂಗ್ರಹಾಲಯ ಶುರುವಾಯಿತು. ದೊಡ್ಡ ಕಟ್ಟಡವೇನಲ್ಲ. ಮಕ್ಕಳು ಕಡಿಮೆಯಾಗಿ ಖಾಲಿ ಬಿದ್ದಿದ್ದ ಹಳೇ ಶಾಲೆಯ ಎರಡು ಕೊಠಡಿ. ಒಂದರಲ್ಲಿ ಬೇಸಾಯದ ಸಾಮಾನು, ಇನ್ನೊಂದರಲ್ಲಿ ಅಡುಗೆಮನೆ ಸಾಮಾನು. ಊರಿನ ಹುಡುಗರೇ ಮನೆಮನೆ ಸುತ್ತಿ, ಅಟ್ಟ ಹತ್ತಿ, ಕೊಟ್ಟಿಗೆ ಮೂಲೆ ಕೆದಕಿ ಎಲ್ಲವನ್ನೂ ತಂದು ಜೋಡಿಸಿದ್ದರು. ನೇಗಿಲು, ನೊಗ, ಕುಂಟೆ, ಹಲುಬೆ, ಸೇರು, ಪಾವು, ಕೊಳಗ, ಬೀಸುಕಲ್ಲು, ಒನಕೆ, ಮೊರ, ವಂದರಿ. ಯಾರೂ ಹೇಳದೆ ಅವರಷ್ಟಕ್ಕೆ ಅವರು ಮಾಡಿದ ಕೆಲಸ. ಅದಕ್ಕೆ ಮೆಚ್ಚಲೇಬೇಕು.

ನಾನು ಪತ್ರಿಕೆಗೆ ಸುದ್ದಿ ಮಾಡಲು ಹೋಗಿದ್ದೆ. ದೀಪ ಹಚ್ಚಿದರು, ಹಾರ ಹಾಕಿದರು, ಭಾಷಣ ಮುಗಿಯಿತು. ಜನ ಊಟಕ್ಕೆ ಹೋದ ಮೇಲೆ ಫೋಟೋ ತೆಗೆಯಲು ಒಳಗೆ ಹೋದೆ. ಎಪ್ಪತ್ತೈದು ದಾಟಿದ ಅಜ್ಜಿಯೊಬ್ಬರು ಕೂರಿಗೆ ಮುಂದೆ ನಿಂತಿದ್ದರು. ಕೂರಿಗೆಯ ಕೆಳಗಿನ ಚೀಟಿಯಲ್ಲಿ 'ಪುರಾತನ ಕೃಷಿ ಉಪಕರಣ' ಅಂತ ಬರೆದಿತ್ತು.

"ಕೂರಿಗೆ ಐತೆ, ಸಡ್ಡೆ ಎಲ್ಲೈತಪ್ಪಾ?" ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಜೊತೆಗಿದ್ದ ಹುಡುಗರಿಗೂ ಗೊತ್ತಿರಲಿಲ್ಲ. ಅಜ್ಜಿ ತಾವೇ ಹುಡುಕುತ್ತಾ ಪಕ್ಕದ ಕೊಠಡಿಗೆ ಹೋದರು. ಅಲ್ಲಿ ಒಲೆ, ಮಡಕೆ, ಕಡೆಗೋಲಿನ ಪಕ್ಕ ಒಂದು ಬಿದಿರಿನ ಕೊಳವೆ ಒರಗಿಸಿದ್ದರು. ಚೀಟಿ: 'ಊದುಕೊಳವೆ'.

"ಅಯ್ಯೋ ನಿಮ್ಮ! ಇದೇ ಕಣಪ್ಪ ಸಡ್ಡೆ. ಇದುನ್ನ ಹಿಡ್ಕಂಡು ನಾನು ಎಷ್ಟು ವರ್ಸ ಅಕ್ಕಡಿ ಬಿಟ್ಟಿವ್ನಿ. ಒಲೆ ಊದಕ್ಕೆ ಇಟ್ಟವ್ರಲ್ಲ!" ಅಂತ ನಕ್ಕರು. ನಾವೂ ನಕ್ಕೆವು. ಮನೆಗೆ ಬಂದು ಸುದ್ದಿ ಬರೆದೆ. ಮಾರನೇ ದಿನ ಫೋಟೋ ಬಂತು. ಕೆಳಗೆ ನಾನೇ ಕೊಟ್ಟ ಅಡಿಬರಹ: ಪುರಾತನ ಕೃಷಿ ಉಪಕರಣ. ಅಜ್ಜಿ ಹೇಳಿದ್ದು ಸುದ್ದಿಯಲ್ಲಿ ಇರಲಿಲ್ಲ. ದೀಪ ಹಚ್ಚಿದವರ ಹೆಸರೆಲ್ಲ ಇದ್ದವು.

ಆ ತಪ್ಪು ನನ್ನದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸಡ್ಡೆ ಅಂದರೆ ಏನು ಅಂತ ಆಮೇಲೆ ಅಜ್ಜಿಯ ಮನೆಗೆ ಹೋಗಿ ಕೇಳಿಕೊಂಡೆ. ಕೂರಿಗೆಗೆ ಮರದ ದಿಂಡು, ಅದಕ್ಕೆ ಸಾಲಾಗಿ ತಾಳುಗಳು. ಒಂದೊಂದು ತಾಳಿಗೂ ಒಂದೊಂದು ಬಿದಿರಿನ ಕೊಳವೆ. ಎಲ್ಲ ಕೊಳವೆಗಳೂ ಮೇಲೆ ಒಂದು ಮರದ ಬಟ್ಟಲಿಗೆ ಬಂದು ಸೇರುತ್ತವೆ. ಎತ್ತು ಮುಂದೆ ಎಳೆಯುತ್ತಿದ್ದರೆ, ಹಿಂದೆ ನಡೆಯುವವರು ಆ ಬಟ್ಟಲಿಗೆ ಮುಷ್ಟಿಯಿಂದ ರಾಗಿ ಬಿಡುತ್ತಾ ಹೋಗಬೇಕು. ಕೂರಿಗೆಗೆ ಹಗ್ಗ ಕಟ್ಟಿ ಹಿಂದೆ ಎಳೆದುಕೊಂಡು ಹೋಗುವ ಒಂಟಿ ಕೊಳವೆಯೇ ಸಡ್ಡೆ. ಅದರಲ್ಲಿ ಬೀಳುವುದು ರಾಗಿ ಅಲ್ಲ. ಅವರೆ, ತೊಗರಿ, ಹುಚ್ಚೆಳ್ಳು. ಅದೇ ಅಕ್ಕಡಿ ಸಾಲು.

ಒಂದು ಕೊಳವೆಯಲ್ಲಿ ಎಷ್ಟು ವಿಷಯ ಇದೆ ನೋಡಿ. ಮಳೆ ಕೈಕೊಟ್ಟು ರಾಗಿ ಹೋದರೆ ಅವರೆಯಾದರೂ ಉಳಿಯಲಿ ಅನ್ನುವ ಲೆಕ್ಕ ಅದರಲ್ಲಿದೆ. ಸಾರಿಗೆ ಕಾಳು, ಒಗ್ಗರಣೆಗೆ ಎಣ್ಣೆ, ಮುದ್ದೆಗೆ ಹಿಟ್ಟು ಒಂದೇ ಹೊಲದಲ್ಲಿ ಬೆಳೆಯುವ ಲೆಕ್ಕ ಇದೆ. ದ್ವಿದಳದ ಬೇರು ಭೂಮಿಗೆ ಸಾರಜನಕ ಕೊಡುತ್ತದೆ ಅಂತ ಇವತ್ತು ಕೃಷಿ ಅಧಿಕಾರಿಗಳು ಹೇಳುವುದೂ ಆ ಸಾಲಿನ ವಿಷಯವೇ. ಹೆಂಗಸರ ಮುಷ್ಟಿಯ ಹದವೂ ಅದರಲ್ಲಿದೆ. ಕೈ ಸಡಿಲವಾದರೆ ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ಬೋಳಾಗಿ ಹುಟ್ಟುತ್ತದೆ. ಕೊಯ್ಲಿನವರೆಗೂ ದಾರಿಯಲ್ಲಿ ಹೋಗುವವರೆಲ್ಲ ನೋಡಿ ಆಡಿಕೊಳ್ಳುತ್ತಾರೆ. ಊದುಕೊಳವೆ ಅಂತ ಚೀಟಿ ಅಂಟಿಸಿದರೆ ಇಷ್ಟೂ ಅಳಿಸಿಹೋಯಿತು. ಬಿದಿರು ಮಾತ್ರ ಉಳಿಯಿತು.

ನಾನು ಹೇಳುವುದು ಇಷ್ಟೇ. ಊರಿನ ವಸ್ತು ಸಂಗ್ರಹಾಲಯ ವಸ್ತುವನ್ನು ಕೂಡಿಡುವ ಮೊದಲು ಅದರ ಹೆಸರನ್ನು, ಅದನ್ನು ಹಿಡಿದವರ ಮಾತನ್ನು ಕೂಡಿಡಬೇಕು. ವಸ್ತು ಇನ್ನೂ ಐವತ್ತು ವರ್ಷ ಇದ್ದೀತು. ಹೇಳುವವರು ಅಷ್ಟು ದಿನ ಇರುವುದಿಲ್ಲ.

ಇದೇನು ಹೊಸ ಮಾತಲ್ಲ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರ ಫ್ರಾನ್ಸಿಸ್ ಬುಕಾನನ್ ಅನ್ನುವ ಡಾಕ್ಟರನ್ನು ಮೈಸೂರು ಸೀಮೆ ಸುತ್ತಲು ಕಳಿಸಿತು. ಅವನು ಬಂದದ್ದು ಹೊಸದಾಗಿ ಕೈಗೆ ಬಂದ ಸೀಮೆಯಲ್ಲಿ ಏನೇನಿದೆ ಅಂತ ಲೆಕ್ಕ ಹಾಕಲು. ಆದರೂ ಹೊಲದಲ್ಲಿ ನಿಂತು ರೈತರನ್ನು ಕೇಳಿದ. ಕೂರಿಗೆ, ಸಡ್ಡೆ, ಹಲುಬೆ, ಕುಂಟೆ ಅಂತ ತನ್ನ ಕಿವಿಗೆ ಕೇಳಿಸಿದ ಹಾಗೆ ಊರಿನ ಹೆಸರುಗಳನ್ನೇ ಬರೆದುಕೊಂಡ. 1807ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಉಪಕರಣಗಳ ಚಿತ್ರವೂ ಇದೆ. ಕನ್ನಡ ಬಾರದ ಪರದೇಶದವನು ಕೇಳಿ ಬರೆದುಕೊಂಡ ಹೆಸರನ್ನು, ಅದೇ ಸೀಮೆಯಲ್ಲಿ ಹುಟ್ಟಿದ ನಾವು ಕೇಳದೆ ಬಿಟ್ಟಿದ್ದೇವೆ.

ನಮ್ಮವರೂ ದಾರಿ ಹಾಕಿಕೊಟ್ಟಿದ್ದಾರೆ. ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತು ಸಂಗ್ರಹಾಲಯ 1968ರಷ್ಟು ಹಳೆಯದು. ಮಾನಸಗಂಗೋತ್ರಿಯ ಜಯಲಕ್ಷ್ಮೀ ವಿಲಾಸ ಅರಮನೆಯಲ್ಲಿದೆ. ಐಎಎಸ್ ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿ, 1994ರಲ್ಲಿ ರಾಮನಗರದ ಹತ್ತಿರ ಜಾನಪದ ಲೋಕ ಮಾಡಿದರು. ಬೆಂಗಳೂರು–ಮೈಸೂರು ಹಳೇ ಹೆದ್ದಾರಿಯಲ್ಲಿ ಹೋಗುವವರು ಬೋರ್ಡು ನೋಡಿರುತ್ತೀರಿ. ಅಲ್ಲಿ ನೇಗಿಲು, ನೊಗದ ಜೊತೆಗೆ ಹಾಡು, ಕುಣಿತಗಳ ದನಿಯನ್ನೂ ಕೂಡಿಟ್ಟಿದ್ದಾರೆ. ಬಂಟ್ವಾಳದ ಬಿ.ಸಿ. ರೋಡಿನ ಹತ್ತಿರ ಇತಿಹಾಸದ ಮೇಷ್ಟ್ರಾದ ಪ್ರೊ. ತುಕಾರಾಂ ಪೂಜಾರಿಯವರು ತುಳು ಬದುಕು ವಸ್ತು ಸಂಗ್ರಹಾಲಯ ಕಟ್ಟಿದ್ದಾರೆ. ಇವನ್ನು ನೋಡಿ ಕಲಿಯಬಹುದು. ಆದರೆ ನಮ್ಮ ಹೋಬಳಿಯ ಸಡ್ಡೆಯ ಕಥೆಯನ್ನು ರಾಮನಗರದವರು ಬಂದು ಬರೆಯಲಿ ಅಂತ ಕಾಯಲು ಆಗುವುದಿಲ್ಲ. ಅಳತೆಯೂ ಊರಿಂದ ಊರಿಗೆ ಬೇರೆ, ಹೆಸರೂ ಊರಿಂದ ಊರಿಗೆ ಬೇರೆ.

ಇನ್ನೊಂದು ಮಾತು, ಇದು ಕೆಲವರಿಗೆ ಇಷ್ಟವಾಗದೇ ಇರಬಹುದು. ಆ ಎರಡು ಕೊಠಡಿಯಲ್ಲಿ ಪ್ರತಿ ವಸ್ತುವಿನ ಕೆಳಗೂ 'ಕೊಟ್ಟವರು' ಅಂತ ಮನೆ ಯಜಮಾನರ ಹೆಸರಿದೆ. ಇರಲಿ, ತಪ್ಪಿಲ್ಲ. 'ಮಾಡಿದವರು' ಅಂತ ಒಂದು ಸಾಲೂ ಇಲ್ಲ. ನೇಗಿಲು ಕೆತ್ತಿದ್ದು ಬಡಗಿ, ಗುಳ ಬಡಿದದ್ದು ಕಮ್ಮಾರ, ಮಂಕರಿ ಹೆಣೆದದ್ದು ಮೇದಾರರು, ವಾಡೆ ಸುಟ್ಟದ್ದು ಕುಂಬಾರರು. ಚರ್ಮ ಹದ ಮಾಡಿ ಮಿಣಿ, ಬಾರುಕೋಲು, ಕಪಿಲೆಯ ಚೀಲ ಹೊಲಿದುಕೊಟ್ಟದ್ದು ದಲಿತ ಕೇರಿಯವರು. ಅವರಿಗೆ ಸಿಗುತ್ತಿದ್ದದ್ದು ಸುಗ್ಗಿಯಲ್ಲಿ ಕಣದ ಬದಿಗೆ ಬಂದು ನಿಂತರೆ ಅಳೆದು ಹಾಕುವ ಆಯ. ಎಷ್ಟೋ ಮನೆಗಳಲ್ಲಿ ಅವರು ಮಾಡಿದ ಮಿಣಿ ಕೊಟ್ಟಿಗೆ ಒಳಗೆ ಹೋಯಿತು, ಅವರು ಜಗಲಿ ಹತ್ತಲಿಲ್ಲ. ಇದನ್ನು ಬಿಟ್ಟು 'ನಮ್ಮ ಹಿರಿಯರ ಸುಂದರ ಬದುಕು' ಅಂತ ಬೋರ್ಡು ಹಾಕಿದರೆ ಅದು ಅರ್ಧ ಸುಳ್ಳು. ಜಾನಪದ ಲೋಕದಲ್ಲಿ ಆಯಗಾರರಿಗೇ ಒಂದು ಜಾಗ ಮಾಡಿದ್ದಾರೆ. ನಮ್ಮೂರಲ್ಲಿ ಚೀಟಿಯ ಮೇಲೆ ಒಂದು ಸಾಲು ಹೆಚ್ಚಿಗೆ ಬರೆಯಲು ಏನು ಖರ್ಚು?

ಬೀಸುಕಲ್ಲಿನ ವಿಷಯವೂ ಹೀಗೇ. ಪಕ್ಕದಲ್ಲಿ ಕೂತು ಸೆಲ್ಫಿ ತೆಗೆದುಕೊಳ್ಳುವವರು ಬಹಳ. ಅಜ್ಜಿಯನ್ನು ಕೇಳಿದೆ, ಬೀಸುವಾಗ ಹಾಡುತ್ತಿದ್ದಿರಾ ಅಂತ. "ಹಾಡ್ದಿದ್ರೆ ನಿದ್ದೆ ಬಂದ್ಬುಡ್ತಿತ್ತು ಮಗ. ಕೋಳಿ ಕೂಗೋಕೆ ಮುಂಚೆ ಏಳಬೇಕಿತ್ತಲ್ಲ" ಅಂದರು. ಊರಿಗೆ ಹಿಟ್ಟಿನ ಗಿರಣಿ ಬಂದ ದಿನ ಅವರಿಗೆ ಹಬ್ಬವಾಗಿತ್ತಂತೆ. ಅದನ್ನೂ ಬರೆಯಬೇಕು. ಹಳೇದೆಲ್ಲ ಚಿನ್ನ ಅಂತ ಹೇಳುವುದಕ್ಕೆ ವಸ್ತು ಸಂಗ್ರಹಾಲಯ ಬೇಡ. ಹೇಗಿತ್ತೋ ಹಾಗೆ ಹೇಳುವುದಕ್ಕೆ ಬೇಕು.

"ಊರಿಗೆ ಸರಿಯಾದ ರಸ್ತೆ ಇಲ್ಲ, ಕುಡಿಯೋ ನೀರಿಲ್ಲ, ಇದೊಂದು ಬಾಕಿ ಇತ್ತಾ?" ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ನಾನು ಅನುದಾನ ಕೇಳುತ್ತಿಲ್ಲ, ಹೊಸ ಕಟ್ಟಡವೂ ಬೇಡ. ಕೇಳುತ್ತಿರುವುದು ನಾಲ್ಕೇ ಕೆಲಸ.

ಮೊದಲನೆಯದು, ಚೀಟಿ ಸರಿ ಮಾಡುವುದು. ಊರಿನವರು ಕರೆಯುವ ಹೆಸರು, ಮಾಡಿದವರು, ಬಳಸಿದವರು, ಯಾವ ಬೆಳೆಗೆ, ಕೊನೇ ಸಲ ಯಾವಾಗ ಹೊಲಕ್ಕೆ ಹೋಯಿತು. ಇಷ್ಟು ಸಾಕು. 'ಪುರಾತನ' ಅನ್ನುವ ಪದ ಬೇಡ.

ಎರಡನೆಯದು, ದನಿ. ಎಲ್ಲರ ಕೈಯಲ್ಲೂ ಫೋನಿದೆ. ಒಂದು ವಸ್ತುವಿಗೆ ಐದು ನಿಮಿಷ, ಬಳಸಿದವರ ಬಾಯಲ್ಲೇ ರೆಕಾರ್ಡ್ ಮಾಡಿ. ಒಬ್ಬರ ಫೋನಲ್ಲೇ ಇಟ್ಟುಕೊಳ್ಳಬೇಡಿ. ಫೋನ್ ಕೆಟ್ಟರೆ ಎಲ್ಲ ಹೋಯಿತು. ಶಾಲೆ ಕಂಪ್ಯೂಟರಿಗೆ ಒಂದು, ಪಂಚಾಯಿತಿ ಗ್ರಂಥಾಲಯಕ್ಕೆ ಒಂದು ಪ್ರತಿ ಕೊಡಿ.

ಮೂರನೆಯದು, ಬೀಗ. ಆ ಸಂಗ್ರಹಾಲಯಕ್ಕೆ ನಾನು ಮತ್ತೆ ಎರಡು ಸಲ ಹೋದಾಗ ಬಾಗಿಲು ಹಾಕಿತ್ತು, ಕೀ ಇದ್ದವರು ಪಟ್ಟಣಕ್ಕೆ ಹೋಗಿದ್ದರು. ವಾರಕ್ಕೊಂದು ದಿನ, ಸಂತೆ ದಿನವೇ ಆಗಲಿ, ತೆಗೆದಿಡಿ. ಗಾಳಿ ಬೆಳಕು ಇಲ್ಲದಿದ್ದರೆ ಗೆದ್ದಲಿಗೆ ಹಬ್ಬ. ಮರದ ಸಾಮಾನನ್ನು ನೆಲಕ್ಕೆ ಇಡದೆ ಕಲ್ಲಿನ ಮೇಲೆ ಇಡಿ.

ನಾಲ್ಕನೆಯದು, ವರ್ಷಕ್ಕೊಂದು ಸಲ ಕೂರಿಗೆಯನ್ನು ಹೊರಗೆ ತನ್ನಿ. ಮುಂಗಾರು ಬಿದ್ದ ಮೇಲೆ ಶಾಲೆ ಹಿಂದಿನ ಒಂದಿಷ್ಟು ಜಾಗದಲ್ಲಿ ಮಕ್ಕಳೇ ಎಳೆಯಲಿ, ರಾಗಿ ಬಿಡಲಿ. ವಂಕುವಂಕಾಗಿ ಹುಟ್ಟಲಿ, ಪರವಾಗಿಲ್ಲ.

ಹಿತ್ತಾಳೆ ಪಾತ್ರೆ, ಕೆತ್ತನೆ ಬಾಗಿಲು ಕೊಳ್ಳುವವರು ಊರೂರು ತಿರುಗುತ್ತಿದ್ದಾರೆ. ಕಷ್ಟಕ್ಕೆ ಮಾರುವವರಿಗೆ ಬುದ್ಧಿ ಹೇಳುವ ಹಕ್ಕು ನನಗಿಲ್ಲ. ನಮ್ಮ ಮನೆಯ ಕೂರಿಗೆಯೇ ಒಂದು ಮಳೆಗಾಲ ಸೌದೆ ಸಾಲದೆ ನೀರೊಲೆಗೆ ಹೋಯಿತು. ನಾನು ಆಗ ಡಿಪ್ಲೊಮಾ ಓದುತ್ತಿದ್ದೆ, ಸುದ್ದಿ ಅಂದರೆ ಏನು ಅಂತ ಕಲಿಯುತ್ತಿದ್ದೆ, ಅದೇ ನೀರಲ್ಲಿ ಸ್ನಾನ ಮಾಡಿದೆ. ಮಾರಿ, ಸುಡಿ, ಆದರೆ ಅದಕ್ಕೂ ಮುಂಚೆ ಒಂದು ಫೋಟೋ ತೆಗೆದು, ಮನೆಯ ಹಿರಿಯರಿಂದ ಅದರ ಹೆಸರು ಕೇಳಿ ಇಟ್ಟುಕೊಳ್ಳಿ.

ಮೊನ್ನೆ ಹುಡುಗರ ಜೊತೆ ಕೂತು ಸಡ್ಡೆಗೆ ಹೊಸ ಚೀಟಿ ಬರೆದೆವು. ಸಡ್ಡೆಯನ್ನು ಕೂರಿಗೆ ಹಿಂದಕ್ಕೆ ತಂದು ಹಗ್ಗ ಕಟ್ಟಿದೆವು. ಅಜ್ಜಿಗೆ ಓದು ಬಾರದು, ಚೀಟಿಯನ್ನು ಓದಿ ಹೇಳಿದೆ: 'ಸಡ್ಡೆ. ಕೂರಿಗೆಯ ಹಿಂದೆ ಅವರೆ ಬಿತ್ತುವ ಕೊಳವೆ.'

"ಅವರೆ ಒಂದೇ ಅಲ್ಲ, ತೊಗರಿ, ಹುಚ್ಚೆಳ್ಳೂ ಬರಿ" ಅಂದರು. ಸ್ವಲ್ಪ ತಡೆದು, "ಹೆಂಗಸ್ರು ಬಿಡ್ತಿದ್ರು ಅಂತ್ಲೂ ಬರಿ" ಅಂದರು.

ಎರಡನ್ನೂ ಬರೆದಿದ್ದೇವೆ.