ಬಿಸಿಲಾಗ ಮಶಿನ್ ಕೂಗಿದ್ರ ನಿಧಿ ಅಲ್ಲ

1/4
ದೋಸ್ತರ, ನೇರ ಹೇಳ್ತೀನಿ. ರೀಲ್ಸ್ ನೋಡಿ ಮೆಟಲ್ ಡಿಟೆಕ್ಟರ್ ತಗೊಳ್ಳಾಕ ಹೊಂಟೋರು ಮೊದಲ ನಮ್ಮ ಎರಿ ಹೊಲ ನೋಡ್ರಿ. ಏಪ್ರಿಲ್, ಮೇ ಬಂತಂದ್ರ ನವಲಗುಂದ ಕಡೆ ನೆಲ ಕಾಲು ಸಿಕ್ಕೊಳ್ಳೂವಷ್ಟು ಬಿರುಕು ಬಿಡತೈತಿ. "ಹೊಲ ಖಾಲಿ ಐತಿ, ಹುಡುಕಾಕ ಇದ ಚಲೋ ಟೈಮ್" ಅಂತೀರಿ. ಇದ ಕೆಟ್ಟ ಟೈಮ್!

2/4
ಎರಿ ಮಣ್ಣಿನೊಳಗ ಕಬ್ಬಿಣದ ಖನಿಜ ಇರತಾವ. ಮಶಿನ್‌ನ್ನ ಮೊದಲ ಆ ಮಣ್ಣಿಗೆ ಹೊಂದಿಸಬೇಕು. ನೆರಳಾಗ ಹೊಂದಿಸಿ ಸುಡು ಬಿಸಿಲಿಗೆ ಒಯ್ದ್ರ ಕಾಯಿಲ್, ಸರ್ಕ್ಯೂಟ್ ಕಾದು ಲೆಕ್ಕ ತಪ್ಪತೈತಿ. ಏನೂ ಇಲ್ಲದ ಕಡೆನೂ ಕೂಗತೈತಿ. ಸ್ಕ್ರೀನ್ ಕಪ್ಪಾಗಬಹುದು, ಬ್ಯಾಟರಿ ಕೈ ಕೊಡಬಹುದು. ಖರೇನ ಕೂಗಿದ್ರೂ ಹೊಲದಾಗ ಸಿಗೂದು ಹೆಚ್ಚಾಗಿ ಎತ್ತಿನ ಲಾಳ, ತುಕ್ಕು ಹಿಡಿದ ಮೊಳಿ, ಬಾಟ್ಲಿ ಮುಚ್ಚಳ.

3/4
ಅಕಸ್ಮಾತ್ ನಿಧಿನ ಸಿಕ್ತು ಅನ್ನೂಣು. ರಾಜ್ಯದ 1962ರ ನಿಧಿ ಕಾಯ್ದೆ ಐತಿ. ಸರ್ಕಾರಕ್ಕ ತಿಳಿಸಬೇಕು, ಮುಚ್ಚಿಟ್ರ ಅಪರಾಧ. ಬಿಕಾಂ ಓದೋರು ನಾವು, ಲೆಕ್ಕ ಹಾಕ್ರಿ: ಮಶಿನ್ ಖರ್ಚು ಪಕ್ಕಾ, ಆದಾಯದ ಖಾತ್ರಿ ಇಲ್ಲ, ಮ್ಯಾಲೆ ಕೇಸಿನ ಭಯ. ಇದಕ್ಕ ಇಎಂಐ ಬ್ಯಾರೆ ಕಟ್ಟಬೇಕೇನು?

4/4
ಗುಡಿ ಸುತ್ತ ಹಡ್ಡೋರಿಗೆ ಇನ್ನೊಂದು ಮಾತು. ಅಣ್ಣಿಗೇರಿ ಅಮೃತೇಶ್ವರ, ಕುಂದಗೋಳ ಶಂಭುಲಿಂಗ, ಇವೆಲ್ಲ ರಕ್ಷಿತ ಸ್ಮಾರಕಗಳು. ಅಲ್ಲಿ ಪರವಾನಗಿ ಇಲ್ಲದ ಹಡ್ಡೂದು 1958ರ ಕಾಯ್ದೆ ಪ್ರಕಾರ ಅಪರಾಧ. ಹಳೇ ನಾಣ್ಯ ಯಾವ ಪದರದಾಗ, ಯಾವುದರ ಜೋಡಿ ಇತ್ತು ಅನ್ನೂದರಿಂದ ಆ ಜಾಗದ ಕಥಿ ತಿಳಿಯತೈತಿ. ರಾತ್ರೋರಾತ್ರಿ ಕಿತ್ತು ಕಿಸೆದಾಗ ಇಟ್ಟ್ರ ಆ ಕಥಿ ಅಲ್ಲೇ ಸಾಯತೈತಿ. ನಮ್ಮೂರಿನ ಇತಿಹಾಸ ನಾವ ಕದ್ರ ಉಳಿಸೋರು ಯಾರು?

ಮಶಿನ್ ಆರ್ಡರ್ ಮಾಡಾಕ ಕುಂತಿರೂ ದೋಸ್ತನಿಗೆ ಈಗ ಕಳಸ್ರಿ.

#ಎರಿಮಣ್ಣು #ನಿಧಿಹುಚ್ಚು #ಅಣ್ಣಿಗೇರಿ